ಅಪ್ಪನ ಹೆಬ್ಬೆಟ್ಟಿನ ನಾಣ್ಯ

“ಯಾರದವ್ವಾ ಈ ಹೆಬ್ಬೆಟ್ಟು?”

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಚಾಚಾ ಕೇಳಿದರು. ರಾಯಚೂರಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅವರಿಗೆ ನಾಣ್ಯ ಕೂಡಿಡುವ ಹುಚ್ಚು. ಎಂಬತ್ತರ ದಶಕದ ಮಾತು. ಹೊಲಿಗೆ ಮಷೀನು ಕೊಳ್ಳಬೇಕೆಂದು, ನನ್ನ ಬೆಳ್ಳಿಯ ಹತ್ತು ರೂಪಾಯಿ ನಾಣ್ಯ ಮಾರಲು ದೇವದುರ್ಗದಿಂದ ಬಂದಿದ್ದೆ.

“ಇದು ಚಲಾವಣಿಗೆ ಬಿಟ್ಟಿದ್ದಲ್ಲ. ಕೂಡಿಡೋರಿಗಂತನ ಕನ್ನಡಿ ಹೊಳಪು ಕೊಟ್ಟು ಕಮ್ಮಿ ಮಾಡಿರ್ತಾರ. ಬೆರಳು ಬಿದ್ದದ್ದಕ್ಕ ಅರ್ಧಾ ಕಿಮ್ಮತ್ತು ಹೋತು ನೋಡು.”

“ಹುಣಸಿಹಣ್ಣು ಹಚ್ಚಿ ತಿಕ್ಕಿ ತರ್ತೀನಿ ತಗೋರಿ” ಎಂದೆ. ದೇವರ ಸಾಮಾನೆಲ್ಲ ನಾವು ಬೆಳಗುವುದೇ ಹಾಗೆ. ಚಾಚಾ ಬೇಡವೆಂದು ತಲೆ ಅಲ್ಲಾಡಿಸಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಹೊಳೆಯುವ ಬೆಳ್ಳಿಯ ಮೇಲೆ ಮಸುಕಾದ, ಅಗಲವಾದ ಗುರುತು. ಅದರ ನಡುವೆ ಅಡ್ಡಲಾಗಿ ಒಂದು ಗೆರೆ. ಚೀಲ ಎತ್ತುವ ಕೊಕ್ಕೆ ತಾಗಿ ಆದ ಆ ಗಾಯದ ಕಲೆ ನನಗೆ ಗೊತ್ತಿತ್ತು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ, ಸಾಹುಕಾರರು ಕೊಟ್ಟ ಈ ನಾಣ್ಯವನ್ನು ನನ್ನ ಮದುವೆಯ ದಿನ ಡಬ್ಬಿಯಿಂದ ಹೊರಗೆ ತೆಗೆದು ತೋರಿಸಿ, ಡಬ್ಬಿ ಸಮೇತ ನನಗೇ ಕೊಟ್ಟಿದ್ದ. ಸಹಿ ಬಾರದ ಅವನು ಎಲ್ಲ ಕಾಗದಕ್ಕೂ ಒತ್ತುತ್ತಿದ್ದುದು ಇದೇ ಹೆಬ್ಬೆಟ್ಟನ್ನು. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ.

ನಾಣ್ಯ ಮಾರದೆ ಊರಿಗೆ ಮರಳಿದೆ. ಆ ಗುರುತಿನ ಮೇಲೆ ನನ್ನ ಹೆಬ್ಬೆಟ್ಟು ಇಟ್ಟು ನೋಡಬೇಕೆಂದು ಈಗಲೂ ಅನಿಸುತ್ತದೆ. ಇಟ್ಟರೆ ಅವನದು ಅಳಿಸಿಹೋದೀತೆಂದು ಡಬ್ಬಿ ಮುಚ್ಚುತ್ತೇನೆ.