ಉಪ್ಪಲ್ ಆಚೆಯ ಗೊಂಡರ ಹಳ್ಳಿ

ಹೈದರಾಬಾದಿನ ನಾರಾಯಣಗೂಡದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲ್ಮಹಡಿಯಲ್ಲಿ ನಮ್ಮ ಟ್ರಾವೆಲ್ಸ್ ಆಫೀಸಿತ್ತು. ಫೋನೆತ್ತಿ, ಎಲ್ಲಿ ಏನು ನೋಡಬಹುದು ಎಂದು ಹೇಳಿ ಬುಕಿಂಗ್ ಮಾಡಿಕೊಡುವುದು ನನ್ನ ಕೆಲಸ. ಅಪ್ಪ ಬೀದರ್ ಕಡೆಯಿಂದ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಗೆ ಬಂದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಈ ಊರಲ್ಲೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ.

ಅವಳು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದದ್ದು ಒಂದು ಮಳೆಗಾಲದ ಮಧ್ಯಾಹ್ನ. ಆದಿಲಾಬಾದ್ ಕಡೆಯ ಗೊಂಡ ಬುಡಕಟ್ಟಿನ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಇದೇ ಊರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿ, ಕೆಲಸ ಹುಡುಕದೆ ತನ್ನ ಹಳ್ಳಿಗೆ ಮರಳಿದ್ದಳು. ಅಲ್ಲಿ ನಾಲ್ಕಾರು ಮನೆಯವರು ಸೇರಿ ಹಳ್ಳದ ದಂಡೆಯ ಮೇಲೆ ಮಣ್ಣಿನ ಮನೆಗಳನ್ನು ಕಟ್ಟಿ, ಪಟ್ಟಣದಿಂದ ಬರುವವರನ್ನು ಉಳಿಸಿಕೊಳ್ಳುತ್ತಿದ್ದರು. ಪ್ರವಾಸಿಗರನ್ನು ಕಳಿಸಿಕೊಡಿ ಎಂದು ಕೇಳಲು ಬಂದಿದ್ದಳು. ಆದರೆ ಕೈಮುಗಿದು ಕೇಳುವವಳಲ್ಲ. ಷರತ್ತು ಹೇಳಿಯೇ ಕೇಳಿದಳು. ಊರಿಗೆ ನೀರು ಸಾಲುವಷ್ಟೇ ಜನ. ಹಳ್ಳ ಬತ್ತುವ ಬೇಸಿಗೆಯಲ್ಲಿ ಬಾಗಿಲು ಬಂದ್. ನಾವು ಉಣ್ಣುವುದನ್ನೇ ಅವರೂ ಉಣ್ಣಬೇಕು.

ನಮ್ಮ ಮಾಲೀಕನಿಗೆ ಆಗ ಇದೆಲ್ಲ ಬಹಳ ಹಿಡಿಸಿತು. 'ಸುಸ್ಥಿರ' ಎಂಬ ಮಾತು ಹೊಸದಾಗಿ ಅವನ ಬಾಯಿಗೆ ಬಂದಿತ್ತು.

ಮೊದಲ ತಂಡದ ಜೊತೆ ನಾನೂ ಹೋಗಿದ್ದೆ. ಅವಳು ಬಡಿದ ಜೋಳದ ರೊಟ್ಟಿ ಬಾಯಿಗಿಟ್ಟಾಗ ನಮ್ಮವ್ವನ ಕೈರುಚಿ ನೆನಪಾಯಿತು. ಹಾಗೆಂದದ್ದಕ್ಕೆ ನಕ್ಕು ಇನ್ನೊಂದು ಹಾಕಿದಳು. ಅಲ್ಲಿಂದ ನಮ್ಮ ಗೆಳೆತನ ಶುರುವಾಯಿತು. ಎರಡು ವರ್ಷ ಚೆನ್ನಾಗೇ ನಡೆಯಿತು.

ಆಮೇಲೆ ಮಾಲೀಕ ಕುಣಿತ ಕೇಳಿದ. ದೀಪಾವಳಿಯ ಹೊತ್ತಿಗೆ ಗೊಂಡ ಗಂಡಸರು ದೊಡ್ಡ ನವಿಲುಗರಿ ಕಿರೀಟ ತೊಟ್ಟು, ಮೈಗೆ ಬೂದಿ ಬಳಿದುಕೊಂಡು ಊರೂರು ಕುಣಿಯುತ್ತ ಹೋಗುತ್ತಾರೆ. ಗುಸ್ಸಾಡಿ ಎನ್ನುತ್ತಾರೆ. ಅದನ್ನು ಪ್ರತಿ ಶನಿವಾರ ಅತಿಥಿಗಳಿಗೆ ತೋರಿಸಬೇಕು, ಬೇಸಿಗೆ ರಜೆಯಲ್ಲೂ ಮನೆಗಳನ್ನು ತೆರೆದಿಡಬೇಕು, ನೀರಿಗೆ ಟ್ಯಾಂಕರ್ ಕಳಿಸುತ್ತೇನೆ ಎಂದ.

"ಅದು ಆಟ ಅಲ್ಲ ಸಾರ್, ವ್ರತ," ಎಂದಳು ಅವಳು. "ಕಿರೀಟ ತೊಟ್ಟವರ ಮೈಮೇಲೆ ದೇವರಿರುತ್ತದೆ. ಹಬ್ಬ ಮುಗಿಯೋವರೆಗೂ ಅವರು ಸ್ನಾನವನ್ನೂ ಮಾಡೋದಿಲ್ಲ. ಶನಿವಾರ ಶನಿವಾರ ದೇವರನ್ನ ಎಲ್ಲಿಂದ ಕರೆತರಲಿ?"

ಮಾಲೀಕ ಜಗಳವಾಡಲಿಲ್ಲ. ಅವಳ ಹಳ್ಳಿಗೆ ಜನ ಕಳಿಸುವುದನ್ನು ನಿಲ್ಲಿಸಿದ, ಅಷ್ಟೆ. ಮುಂದಿನ ಚಳಿಗಾಲಕ್ಕೆ ನಗರದಂಚಿನ ಉಪ್ಪಲ್ ದಾಟಿದ ಮೇಲೆ ಸಿಗುವ ಒಂದು ಬಯಲಿನಲ್ಲಿ ತನ್ನದೇ 'ಆದಿವಾಸಿ ಗ್ರಾಮ' ಎಬ್ಬಿಸಿದ. ಸಿಮೆಂಟಿನ ಗೋಡೆ, ಅದರ ಮೇಲೆ ಮಣ್ಣಿನ ಬಣ್ಣ. ಜಾಹೀರಾತಿನಲ್ಲಿ ಮಾತ್ರ ಅವಳ ಹಳ್ಳಿಯದೇ ಫೋಟೊ. ಇದು ಸರಿಯಲ್ಲ ಎಂದು ನಾನು ಹೇಳಿದ್ದಕ್ಕೆ, "ಮೇಡಂ, ನೀವು ಫೋನ್ ನೋಡಿಕೊಳ್ಳಿ," ಎಂದ. ನಾನು ಫೋನನ್ನೇ ನೋಡಿಕೊಂಡೆ. ಆ ಸಂಜೆಯೇ ಅವಳಿಗೆ ಮಾಡಿದೆ.

ಉದ್ಘಾಟನೆಯ ದಿನ, ಮಾಲೀಕನನ್ನು ಎಲ್ಲರೆದುರು ಕೇಳಲೆಂದು, ಅವಳು ಸೋದರಮಾವನನ್ನು ಕರೆದುಕೊಂಡು ಬಂದಳು. ಅವರು ತಮ್ಮೂರಿನ ಗುಸ್ಸಾಡಿ ತಂಡದ ಹಿರಿಯ. ಗೇಟಿನ ಒಳಗೆ ಎಂಟು ಹತ್ತು ಜನ ಗಂಡಸರು ಪ್ಲಾಸ್ಟಿಕ್ ಗರಿಯ ಕಿರೀಟ ಹೊತ್ತು, ಮೈಗೆಲ್ಲ ಸುಣ್ಣದ ಪುಡಿ ಬಳಿದುಕೊಂಡು ನಿಂತಿದ್ದರು. ಕಾರು ಬಂದಾಗಲೆಲ್ಲ ಕೈಯೆತ್ತಿ ಕೂಗುತ್ತಿದ್ದರು. ಅವರಲ್ಲೊಬ್ಬ ಪಕ್ಕದವನಿಗೆ, "ಮೈಯೆಲ್ಲ ಕಡಿಯಾಕತ್ತೈತಿ ಮಾರಾಯ, ಯಾವಾಗ ಬಿಡ್ತಾರ?" ಎಂದದ್ದು ನನ್ನ ಕಿವಿಗೆ ಬಿತ್ತು.

"ಯಾವ ಊರು ನಿಮ್ದು?" ಎಂದೆ ಕನ್ನಡದಲ್ಲಿ.

ಅವನು ಗಾಬರಿಯಾದ. ಆಮೇಲೆ ಮುಖ ಅರಳಿಸಿ, "ಯಾದಗಿರಿ ಕಡೇರ್ರಿ ಅಕ್ಕಾರ. ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತೀವ್ರಿ," ಎಂದ.

ಮಾವ ಅವನ ಕಿರೀಟವನ್ನೇ ನೋಡುತ್ತಿದ್ದರು. ಯಾವ ದೇವರ ವ್ರತ ಹಿಡಿದಿದ್ದಾನೆ ಕೇಳು ಎಂದು ತೆಲುಗಿನಲ್ಲಿ ನನಗೆ ಹೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ಕೇಳಿದೆ.

"ವ್ರತ ಏನಿಲ್ರಿ," ಅವನು ತಲೆ ತಗ್ಗಿಸಿದ. "ಬಿಲ್ಡಿಂಗ್ ಕೆಲಸ ನಿಂತೈತ್ರಿ. ಇದು ದೇವರದಂತ ನಮಗ ಯಾರೂ ಹೇಳಿಲ್ರಿ. ತಪ್ಪಾತೇನ್ರಿ?"

ಅದನ್ನು ತೆಲುಗಿನಲ್ಲಿ ಹೇಳಿದೆ. ಮಾವ ವಾಲಿದ್ದ ಆ ಕಿರೀಟವನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅವನ ತಲೆಯಿಂದ ಇಳಿಸತೊಡಗಿದರು.

ಅಷ್ಟರಲ್ಲಿ ಮಾಲೀಕ ಕ್ಯಾಮೆರಾದವರನ್ನು ಕಟ್ಟಿಕೊಂಡು ಬಂದ. ಬಂದವರೇ ಫೋಟೊ ಹೊಡೆದರು. ಅವಳು ಮಾತು ತೆಗೆಯುವ ಮೊದಲೇ ಮಾಲೀಕ ಅವಳಿಗೂ ಮಾವನಿಗೂ ಶಾಲು ಹೊದಿಸಿ, ಮಾವನ ಹೆಗಲ ಮೇಲೆ ಕೈ ಹಾಕಿ, "ನಿಜವಾದ ಗೊಂಡ ಹಿರಿಯರೇ ಆಶೀರ್ವಾದ ಮಾಡಲು ಬಂದಿದ್ದಾರೆ!" ಎಂದು ಮೈಕಿನಲ್ಲಿ ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅವಳು ಶಾಲು ಕಿತ್ತೆಸೆದು, ಇದೆಲ್ಲ ಸುಳ್ಳು ಎಂದು ಕಿರುಚಿದಳು. ಡೋಲು ಜೋರಾಗಿತ್ತು. ಪಕ್ಕದಲ್ಲೇ ಇದ್ದ ನನಗೇ ಅವಳ ಮಾತು ಅರ್ಧ ಕೇಳಿಸಿತು.

ವಾರದೊಳಗೆ ಆ ಫೋಟೊ ಹೋರ್ಡಿಂಗಿಗೆ ಬಂತು. ಮಾವನ ಎರಡೂ ಕೈ ಕಿರೀಟದ ಮೇಲಿದ್ದವು. ನೋಡಿದವರಿಗೆ, ಅವರೇ ಆ ಕೂಲಿಯವನ ತಲೆಗೆ ಕಿರೀಟ ತೊಡಿಸುತ್ತಿರುವಂತೆ ಕಾಣುತ್ತಿತ್ತು. ತೆಗೆಸಿ ಎಂದು ಕೇಳಲು ಹೋದೆ. "ನಾನೇನು ಅವರನ್ನು ಕರೆದಿದ್ದೆನಾ? ಅವರೇ ಬಂದು ನಿಂತರಲ್ಲ," ಎಂದ ಮಾಲೀಕ. ಅಂದೇ ಕೆಲಸ ಬಿಟ್ಟೆ. ಅದರಿಂದ ಅವನಿಗೇನೂ ಆಗಲಿಲ್ಲ. ನನ್ನ ಕುರ್ಚಿಗೆ ಬೇರೆಯವರು ಬಂದರು.

ಫೋಟೊ ಅವಳ ಹಳ್ಳಿಯನ್ನೂ ಮುಟ್ಟಿತು. ದೇವರನ್ನು ಪಟ್ಟಣಕ್ಕೆ ಮಾರಿ ಬಂದಿದ್ದಾರೆ ಎಂದು ಊರವರು ಅವಳನ್ನೂ ಮಾವನನ್ನೂ ಪಂಚಾಯಿತಿಗೆ ಕರೆದು ಕೂರಿಸಿದರು. ನಾನು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಕೇಳಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಇನ್ನು ಹೊರಗಿನವರು ಯಾರೂ ಬೇಡ ಎಂದು ತೀರ್ಮಾನವಾಯಿತು. ಮಾವ ಕುಣಿತದ ಹಿರಿತನವನ್ನು ತಾವಾಗಿಯೇ ಬಿಟ್ಟುಕೊಟ್ಟರು.

ಉಪ್ಪಲ್ ಆಚೆಯ ಗ್ರಾಮಕ್ಕೆ ಈಗ ಶಾಲೆಗಳಿಂದ ಬಸ್ಸುಗಟ್ಟಲೆ ಮಕ್ಕಳು ಹೋಗುತ್ತಾರೆ. ಪರಿಸರ ಪಾಠವೂ ಇದೆಯಂತೆ.

ಹೋದ ವರ್ಷ ಅವಳನ್ನು ನೋಡಲು ಹೋದೆ. ಹಳ್ಳದ ದಂಡೆಯ ಮನೆಗಳಲ್ಲಿ ಹತ್ತಿ ತುಂಬಿಟ್ಟಿದ್ದರು. ಅವಳು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬಸ್ಸಿನವರೆಗೆ ನನ್ನ ಜೊತೆ ನಡೆದುಬಂದಳು. "ಮತ್ತೆ ಶುರು ಮಾಡಲ್ವಾ?" ಎಂದೆ.

"ಯಾರ ಹತ್ತಿರ ಕೇಳಲಿ?" ಎಂದಳು. "ನನ್ನ ಊರವರೇ ನನ್ನ ಮನೆಗೆ ಊಟಕ್ಕೆ ಬರಲ್ಲ."

ಬಸ್ಸು ಬಂತು. ಅವಳು ನನ್ನ ಚೀಲ ಒಳಗಿಟ್ಟು, ನಾನು ಕಿಟಕಿಯ ಹತ್ತಿರ ಕೂರುವ ಮೊದಲೇ ತಿರುಗಿ ನಡೆದಳು.