ಮುಳುಗುವವರು ಎಷ್ಟು ಮಂದಿ?

ಮೂರು ದಿನದ ಪ್ರವಾಸದಲ್ಲಿ ಅರ್ಧ ದಿನ ನನ್ನದು, ಉಳಿದದ್ದೆಲ್ಲ ಮನೆಯವರದು. ಹೆಂಡತಿಯ ಜೊತೆ ಕುದುರಿದ ಸೌದಾ ಇದು. ಆ ಅರ್ಧ ದಿನದಲ್ಲಿ ಮುರ್ಡೇಶ್ವರದ ಸಮುದ್ರದಡಿ ಇಳಿದು ಮೀನು ನೋಡಬೇಕು. ಶಹಾಪುರದ ಕಾಲುವೆಯಲ್ಲಿ ಈಜು ಕಲಿತ ಹತ್ತಿ ವ್ಯಾಪಾರಿಗೆ ಅದೊಂದು ಆಸೆ ಉಳಿದಿತ್ತು.

ಸ್ಕೂಬಾದವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. “ಒಟ್ಟು ಮೂವರಾ? ಅದರಲ್ಲಿ ಮುಳುಗುವವರು ಎಷ್ಟು ಮಂದಿ?” ಎಂದ.

ಅವ್ವ ಶೇಂಗಾ ಸುಲಿಯುವುದು ನಿಲ್ಲಿಸಿದಳು. ನಮ್ಮ ಪೇಟೆಯಲ್ಲಿ ಮುಳುಗಿದ ಅಂದರೆ ದಿವಾಳಿಯಾದ ಎಂದೇ ಅರ್ಥ. ಗಲ್ಲಾ ಇರುವ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ.

“ರೊಕ್ಕ ಕೊಟ್ಟು ಮುಳುಗಾಕ ಹೊಂಟಾನ, ಶ್ಯಾಣ್ಯಾ! ಸೌದಾ ರದ್ದು,” ಎಂದಳು. ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು.

ನಾನು ಫೋನಿನಲ್ಲಿ ಕೇಳಿದೆ: “ತಮ್ಮಾ, ಇಳಿದವರು ತಿರುಗಿ ಮ್ಯಾಲೆ ಬರ್ತಾರೋ ಇಲ್ಲೋ?”

“ಎಲ್ಲರೂ ಬರ್ತಾರೆ ಮಾರಾಯ್ರೆ!”

“ಹಂಗಾದ್ರ ಏಳೋರು ಎಷ್ಟು ಮಂದಿ ಅಂತ ಕೇಳು.”

ಅವನು ಗಂಟಲು ಸರಿಮಾಡಿಕೊಂಡು, “ಏಳುವವರು ಎಷ್ಟು ಮಂದಿ?” ಎಂದ.

ಅವ್ವನೇ ಫೋನಿಗೆ ಬಾಗಿದಳು. “ಏಳಾವ ಒಬ್ಬನ ಅದಾನ, ಬರ್ಕೋರಿ.”

ಮುಂದಿನ ತಿಂಗಳು ನಾನು ನೀರಿನಿಂದ ತಲೆ ಎತ್ತಿದಾಗ ಅವ್ವ ದೋಣಿಯಲ್ಲಿ, “ಎದ್ದ! ನಮ್ಮಾವ ಎದ್ದ!” ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಗುರುತಿಲ್ಲದವರೂ ತಟ್ಟಿದರು.

ಕಡೆಗೆ ನನಗೆ ದಕ್ಕಿದ್ದು ಒಂದು ಆಮೆ ಮತ್ತು ಎಣಿಸಲಾಗದಷ್ಟು ಮೀನು. ಹೆಂಡತಿಗೆ ಎರಡೂವರೆ ದಿನ. ಅವ್ವನಿಗೆ, ಪೇಟೆಯಲ್ಲಿ ಸಿಕ್ಕವರಿಗೆಲ್ಲ ಮಗ ಎದ್ದ ಎಂದು ಹೇಳುವ ಭಾಗ್ಯ. ನಾನು ಮುಳುಗಿದ್ದು ಯಾವಾಗ ಎಂದು ಈಗ ಪೇಟೆಯವರು ವಿಚಾರಿಸುತ್ತಿದ್ದಾರೆ.