ತನ್ನದಲ್ಲದ ಖೋಲಿಯ ಉಯಿಲು

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಚೆಂಬೂರಿನ ಚಾಳಿನಲ್ಲಿದ್ದ ನನ್ನ ಸ್ನೇಹಿತ, ಹೋಟೆಲೊಂದರ ಮುಖ್ಯ ಅಡುಗೆಯವ, ತನ್ನ ಉಯಿಲಿಗೆ ನನ್ನನ್ನು ಎಕ್ಸಿಕ್ಯೂಟರ್ ಮಾಡಿ ತೀರಿಹೋದ. ಹೋಟೆಲುಗಳಿಗೆ ಬಾಳೆಲೆ ಮಾರುತ್ತ ಮೇಲೆ ಬಂದ ನನಗೆ ಆ ಇಂಗ್ಲಿಷ್ ಹೆಸರಿನ ಪದವಿ ತಲೆಗೇರಿತು. ಉತ್ತರಕ್ರಿಯೆಯ ಊಟಕ್ಕೆ ಕೋಟು ಹಾಕಿಕೊಂಡೇ ಹೋದೆ.

ಊಟವಾದ ಮೇಲೆ ಎದ್ದು ನಿಂತು ಉಯಿಲು ಓದಿದೆ. ನಮ್ಮ ಕರಾವಳಿಯ ಹಳೆಯ ಅಳಿಯಸಂತಾನದ ಕಟ್ಟಳೆಯಂತೆ ಆತ ಎಲ್ಲವನ್ನೂ ಅಕ್ಕನ ಮಗನಿಗೆ ಬರೆದಿದ್ದ: ಕೈಗಡಿಯಾರ, ಹಿತ್ತಾಳೆಯ ಪಾತ್ರೆಗಳು, ಕೊನೆಗೆ ಚಾಳಿನ ಆ ಒಂದೇ ಕೋಣೆಯ ಖೋಲಿ. ಅದೇ ಖೋಲಿಯಲ್ಲಿ ಇಪ್ಪತ್ತು ವರ್ಷ ಬಾಳಿದ ಹೆಂಡತಿಗೆ ಆಶೀರ್ವಾದ ಬರೆದಿದ್ದ.

ಅಳಿಯ ಮಲಾಡಿನಿಂದ ಹಾಸಿಗೆ ಸಮೇತ ಬಂದಿದ್ದ. "ಅತ್ತೆ ಊರಿಗೆ ಹೋಗ್ಲಿ ಮಾರಾಯ್ರೆ, ಟಿಕೆಟ್ ನಾನೇ ತೆಗೀತೇನೆ."

"ಊರಲ್ಲಿ ನನಗೆ ಯಾರಿದ್ದಾರೆ?" ಎಂದರು ಅತ್ತಿಗೆ; ಸ್ನೇಹಿತನ ಹೆಂಡತಿಯನ್ನು ನಾನು ಹಾಗೆಯೇ ಕರೆಯುತ್ತಿದ್ದೆ.

"ನಾನು ತಟಸ್ಥ ಅತ್ತಿಗೆ. ಬರೆದದ್ದನ್ನು ನಡೆಸುವುದಷ್ಟೇ ನನ್ನ ಕೆಲಸ," ಎಂದೆ.

"ನನ್ನ ಕೈಯಡುಗೆ ಉಣ್ಣುವಾಗ ತಟಸ್ಥ ಇರ್ಲಿಲ್ಲ ನೀವು. ಪಲ್ಯ ಮೂರು ಸಲ ಕೇಳಿ ಹಾಕಿಸ್ಕೊಂಡ್ರಿ."

ಮರುದಿನ ಉಯಿಲನ್ನೂ ಸ್ನೇಹಿತನ ಕಾಗದದ ಕಟ್ಟನ್ನೂ ಹಿಡಿದು ವಕೀಲರಲ್ಲಿಗೆ ಹೋದೆ. ಅವರು ಉಯಿಲನ್ನು ಬದಿಗಿಟ್ಟು ಖೋಲಿಯ ಕಾಗದ ಕೇಳಿದರು. ಕಟ್ಟಿನಲ್ಲಿ ಇದ್ದದ್ದು ಬಾಡಿಗೆ ರಸೀದಿ ಮಾತ್ರ.

"ಬಾಡಿಗೆ ಖೋಲಿಯನ್ನು ದಾನ ಮಾಡಿದ್ದಾನಾ? ಇನ್ನು ಲೋಕಲ್ ರೈಲಿನ ಕಿಟಕಿ ಸೀಟನ್ನೂ ಬರೆದಿಡಿ!" ಎಂದು ನಕ್ಕರು. ಸತ್ತವನ ಸ್ವಂತದ್ದನ್ನು ಮಾತ್ರ ಎಕ್ಸಿಕ್ಯೂಟರ್ ಹಂಚಬಹುದು. ಬಾಡಿಗೆಯ ಹಕ್ಕು ಕೊನೆಯವರೆಗೆ ಜೊತೆಗಿದ್ದ ಹೆಂಡತಿಯದು ಎಂದು ವಿವರಿಸಿದರು.

ಬಾಳೆಲೆಯ ಕಟ್ಟನ್ನೂ ಬಿಚ್ಚಿ ನೋಡದೆ ಕೊಳ್ಳದ ನಾನು ಈ ರಸೀದಿಯನ್ನು ನೋಡಿರಲಿಲ್ಲ. ಚಾಳಿನಲ್ಲಿ ಎಲ್ಲರೂ ಬಾಡಿಗೆ ಕಟ್ಟುತ್ತಲೇ "ನನ್ನ ಖೋಲಿ" ಎನ್ನುತ್ತಾರೆ, ನಾನೂ ಸಹ. ನಿಮ್ಮನ್ನು ಯಾರಾದರೂ ಎಕ್ಸಿಕ್ಯೂಟರ್ ಮಾಡಿದರೆ ಕೋಟು ಆಮೇಲೆ ಹೊಲಿಸಿ, ಮೊದಲು ಕಾಗದ ನೋಡಿ.

ಅತ್ತಿಗೆಯನ್ನು ಕರೆದುಕೊಂಡು, ಆ ಖೋಲಿಯ ವಿಳಾಸದಲ್ಲಿ ಅವರ ಹೆಸರಿದ್ದ ರೇಷನ್ ಕಾರ್ಡ್ ಹಿಡಿದು ಚಾಳಿನ ಮಾಲೀಕನ ಬಳಿ ಹೋದೆ. ಅವನಿಗೆ ಖೋಲಿ ಖಾಲಿಯಾಗಬೇಕಿತ್ತು.

"ಆದ್ಮೀ ಗಯಾ, ಖೋಲಿ ವಾಪಸ್," ಎಂದ, ಗಂಡಸು ಹೋದ ಮೇಲೆ ಖೋಲಿ ತನಗೇ ಎಂಬಂತೆ.

"ಆದ್ಮೀ ಗಯಾ, ಭಾಭಿ ಹೈ. ಕೋರ್ಟ್ ಚಲೇಂ ಕ್ಯಾ, ಶೇಟ್?" ಅತ್ತಿಗೆ ಇದ್ದಾರಲ್ಲ, ಕೋರ್ಟಿಗೆ ಹೋಗೋಣವೇ ಎಂದು ಕೇಳುತ್ತ ಅಲ್ಲೇ ಕುರ್ಚಿ ಎಳೆದು ಕುಳಿತೆ. ಎರಡು ಚಹಾ ಮುಗಿಯುವಷ್ಟರಲ್ಲಿ ಅತ್ತಿಗೆಯ ಹೆಸರಿನ ರಸೀದಿ ಬಂತು.

ತಿರುಗಿ ಬಂದಾಗ ಅಳಿಯ ಬಾಗಿಲಲ್ಲೇ ಕುಳಿತಿದ್ದ. ಅತ್ತಿಗೆ ರಸೀದಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಒಲೆ ಹಚ್ಚಿದರು.

"ಹಸಿದಿದ್ದೀಯಲ್ಲ ಮಗಾ, ಕೂತ್ಕೋ. ಉಂಡು ಹೋಗು."